ಪೀಣ್ಯದಲ್ಲಿ ಮೋಟಾರ್ ನಡುಗಿದರೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲೇ ಇಸ್ರೋದ ಇಸ್ಟ್ರಾಕ್ ಕೇಂದ್ರವಿದೆ. ಭೂಮಿಯನ್ನು ಸುತ್ತುತ್ತಿರುವ ಉಪಗ್ರಹದ ಬ್ಯಾಟರಿ ಎಷ್ಟು ಬಿಸಿಯಾಗಿದೆ, ಸೌರಫಲಕದಿಂದ ಎಷ್ಟು ಕರೆಂಟು ಬರುತ್ತಿದೆ ಎನ್ನುವುದೆಲ್ಲ ಅಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಈ ಕೆಲಸ 1982ರಿಂದಲೂ ನಡೆದಿದೆ. ಅಲ್ಲಿಯವರು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಕೈಗೆಟುಕದ ಯಂತ್ರದ ಆರೋಗ್ಯವನ್ನು ಕೂತಲ್ಲಿಂದಲೇ ತಿಳಿಯುವ ವಿದ್ಯೆ ನಮ್ಮಲ್ಲಿ ನಲವತ್ತು ವರ್ಷಕ್ಕೂ ಹಳೆಯದು. ಹಾಗಿದ್ದರೂ ಅದೇ ಪೀಣ್ಯದ ಶೆಡ್ಡುಗಳಲ್ಲಿ, ಕಣ್ಣೆದುರಿಗೇ ಇರುವ ಕಂಪ್ರೆಸರಿನ ಬೇರಿಂಗ್ ಹಾಳಾಗುತ್ತಿದೆ ಎಂಬುದು ಎಷ್ಟೋ ಸಲ ತಿಳಿಯುವುದು ಅದು ಕಿರುಚತೊಡಗಿದ ಮೇಲೆ, ಇಲ್ಲವೇ ಸುಟ್ಟ ವಾಸನೆ ಬಂದ ಮೇಲೆ.

ಈ ಕೊರತೆಯನ್ನು ತುಂಬಲು ಬಂದಿರುವುದು ಯಂತ್ರಗಳ ದೂರ ನಿಗಾ ವ್ಯವಸ್ಥೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಸೆನ್ಸರ್ ಒಂದನ್ನು ಮೋಟಾರಿನ ಮೈಗೆ ಕೂರಿಸುತ್ತಾರೆ. ಅದು ಕಂಪನವನ್ನೂ ಬಿಸಿಯನ್ನೂ ಅಳೆದು ನಿಸ್ತಂತುವಾಗಿ ಗೇಟ್‌ವೇಗೆ, ಅಲ್ಲಿಂದ ಸರ್ವರ್‌ಗೆ, ಕೊನೆಗೆ ಮೆಂಟೆನೆನ್ಸ್ ವಿಭಾಗದವರ ಫೋನಿಗೆ ಕಳಿಸುತ್ತದೆ. ಕೇಳಲು ಸರಳ. ಆದರೆ ಇದರ ಹಿಂದಿನ ವಿದ್ಯೆ ಇಂಟರ್‌ನೆಟ್‌ಗಿಂತ ಬಹಳ ಹಳೆಯದು.

ಸ್ಕ್ರೂ ಡ್ರೈವರಿನ ತುದಿಯನ್ನು ಬೇರಿಂಗ್ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವ ಹಿರಿಯ ಫಿಟ್ಟರ್‌ಗಳು ಇಂದಿಗೂ ಇದ್ದಾರೆ. ಗ್ರೀಸ್ ಒಣಗಿದ ಸದ್ದು, ಗುಂಡು ಸವೆದ ಸದ್ದು, ಶಾಫ್ಟ್ ಸಡಿಲವಾದ ಸದ್ದು ಅವರಿಗೆ ಬೇರೆ ಬೇರೆಯಾಗಿ ಕೇಳಿಸುತ್ತವೆ. ಆ ಕಿವಿಗೆ ಅಂಕಿಗಳ ಆಧಾರ ಕೊಟ್ಟವರಲ್ಲಿ ಮೊದಲಿಗರು ಅಮೆರಿಕದ ಟಿ. ಸಿ. ರ‍್ಯಾತ್‌ಬೋನ್. ಯಂತ್ರಗಳಿಗೆ ವಿಮೆ ಕೊಡುವ ಕಂಪನಿಯ ಎಂಜಿನಿಯರ್ ಆಗಿದ್ದ ಅವರು ಎಷ್ಟು ನಡುಕ ಸಹಜ, ಎಷ್ಟಾದರೆ ಅಪಾಯ ಎಂಬ ಪಟ್ಟಿಯನ್ನು 1939ರಲ್ಲಿ ಪ್ರಕಟಿಸಿದರು. ಯಂತ್ರ ಮುರಿದರೆ ದುಡ್ಡು ತೆರಬೇಕಾದವರ ಕಡೆಯಿಂದಲೇ ಈ ಅಳತೆ ಬಂದದ್ದು ಸಹಜವಾಗಿಯೇ ಇದೆ. ಮುಂದೆ ಡೊನಾಲ್ಡ್ ಬೆಂಟ್ಲಿ, ತಿರುಗುವ ಶಾಫ್ಟನ್ನು ಮುಟ್ಟದೆಯೇ ಅದರ ಅಲುಗಾಟ ಅಳೆಯುವ ಪ್ರೋಬನ್ನು ಬಳಕೆಗೆ ತಂದರು. ಅವರು 1961ರಲ್ಲಿ ಕಟ್ಟಿದ ಬೆಂಟ್ಲಿ ನೆವಾಡಾ ಕಂಪನಿಯ ಹೆಸರು ವಿದ್ಯುತ್ ಸ್ಥಾವರ, ತೈಲ ಸಂಸ್ಕರಣಾಗಾರಗಳಲ್ಲಿ ದುಡಿದವರಿಗೆಲ್ಲ ಪರಿಚಿತ.

ಆಮೇಲೆ ಅಂತರರಾಷ್ಟ್ರೀಯ ಮಾನದಂಡಗಳು ಬಂದವು. ಬಹುಕಾಲ ಬಳಕೆಯಲ್ಲಿದ್ದ ಐಎಸ್‌ಒ 10816 ಪ್ರಕಾರ 15 ಕಿಲೋವ್ಯಾಟ್‌ವರೆಗಿನ, ಎಂದರೆ ಸುಮಾರು 20 ಎಚ್‌ಪಿ ತನಕದ ಮೋಟಾರ್ ಸೆಕೆಂಡಿಗೆ 0.71 ಮಿ.ಮೀ. ವೇಗದ ಕಂಪನದೊಳಗಿದ್ದರೆ ಹೊಸದರಷ್ಟೇ ಚೆನ್ನಾಗಿದೆ. 1.8 ದಾಟಿದರೆ ಅದನ್ನು ಬಹಳ ದಿನ ಹಾಗೇ ಓಡಿಸಬಾರದು. 4.5 ದಾಟಿತೋ, ಹಾನಿ ಖಚಿತವೆಂದೇ ತಿಳಿಯಬೇಕು. ಈಗ ಇದರ ಜಾಗಕ್ಕೆ 20816 ಸರಣಿ ಬಂದಿದೆ.

ಆದರೆ ಕಂಪನ ಹೆಚ್ಚಿದೆ ಎಂದಷ್ಟೇ ತಿಳಿದರೆ ಅರ್ಧ ಕೆಲಸವಾದಂತೆ. ಯಾಕೆ ಹೆಚ್ಚಿದೆ? ಇಲ್ಲಿಂದ ಮುಂದೆ ಈ ವಿದ್ಯೆ ನಿಜಕ್ಕೂ ಸೊಗಸು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಓಡುವ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಕಂಪನವೂ ಸೆಕೆಂಡಿಗೆ 24 ಸಲವೇ ಇದ್ದರೆ ತೂಕ ಒಂದು ಕಡೆಗೆ ವಾಲಿರಬಹುದು. ಒದ್ದೆ ಬಟ್ಟೆ ಒಂದೇ ಪಕ್ಕಕ್ಕೆ ಗುಡ್ಡೆಯಾದಾಗ ವಾಷಿಂಗ್ ಮೆಷಿನ್ ಕುಣಿಯುವುದೂ ಇದೇ ಕಾರಣಕ್ಕೆ. ಅದರ ಎರಡರಷ್ಟು, 48 ಬಂದರೆ ಕಪ್ಲಿಂಗಿನ ಅಲೈನ್‌ಮೆಂಟ್ ನೋಡಬೇಕು. ಬೇರಿಂಗಿನ ಲೆಕ್ಕ ಇನ್ನೂ ಸೂಕ್ಷ್ಮ. ಎಲ್ಲ ಅಂಗಡಿಗಳಲ್ಲೂ ಸಿಗುವ 6205 ನಂಬರಿನ ಬೇರಿಂಗಿನಲ್ಲಿ ಒಂಬತ್ತು ಗುಂಡುಗಳಿರುತ್ತವೆ. ಹೊರ ಬಳೆಯಲ್ಲಿ ಒಂದು ಚಿಕ್ಕ ಗುಳಿ ಬಿದ್ದರೂ ಶಾಫ್ಟ್ ಒಂದು ಸುತ್ತು ಹಾಕುವುದರೊಳಗೆ ಗುಂಡುಗಳು ಅದನ್ನು ಸುಮಾರು 3.6 ಸಲ ಬಡಿಯುತ್ತವೆ. ಗುಳಿ ಒಳ ಬಳೆಯಲ್ಲಿದ್ದರೆ 5.4 ಸಲ. ಆದ್ದರಿಂದ 86 ಹರ್ಟ್ಸ್ ಕಂಡರೆ ಹೊರ ಬಳೆ, 130 ಕಂಡರೆ ಒಳ ಬಳೆ. ಯಂತ್ರವನ್ನು ಬಿಚ್ಚದೆ, ನಿಲ್ಲಿಸದೆ, ಯಾವ ಭಾಗದಲ್ಲಿ ಗಾಯವಾಗಿದೆ ಎಂದು ಹೇಳಬಹುದು! ಎಲ್ಲ ಸದ್ದುಗಳೂ ಕಲಸಿಹೋದ ಕಂಪನದಿಂದ ಒಂದೊಂದು ಆವರ್ತನವನ್ನೂ ಬಿಡಿಸುವ ಗಣಿತವನ್ನು ಫ್ರಾನ್ಸಿನ ಫೂರಿಯೇ 1822ರಲ್ಲೇ ಕೊಟ್ಟಿದ್ದರು. ಅದನ್ನು ಕಂಪ್ಯೂಟರಿನಲ್ಲಿ ಬೇಗ ಮಾಡುವ ವಿಧಾನವನ್ನು ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ್ದು 1965ರಲ್ಲಿ.

ಇಷ್ಟೆಲ್ಲ ಯಾಕೆ, ವರ್ಷಕ್ಕೊಮ್ಮೆ ಬೇರಿಂಗ್ ಬದಲಿಸಿಬಿಟ್ಟರಾಯಿತಲ್ಲ ಎನ್ನಬಹುದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನಗಳ ದುರಸ್ತಿ ದಾಖಲೆಗಳನ್ನು ಜೀವವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ತಂಡ ಪರಿಶೀಲಿಸಿದಾಗ ಒಂದು ವಿಚಿತ್ರ ಕಂಡಿತು: ಪ್ರತಿ 50 ಗಂಟೆಗೊಮ್ಮೆ ಮಾಡುತ್ತಿದ್ದ ತಪಾಸಣೆ ಮುಗಿದ ತಕ್ಷಣವೇ ಕೆಡುವುದು ಹೆಚ್ಚಾಗುತ್ತಿತ್ತು. ಸುಸ್ಥಿತಿಯಲ್ಲಿದ್ದುದನ್ನು ಬಿಚ್ಚಿ ಜೋಡಿಸುವುದೇ ಹೊಸ ದೋಷಕ್ಕೆ ದಾರಿಯಾಗಿತ್ತು. ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ 1978ರ ವರದಿಯಲ್ಲಿ ತೋರಿಸಿದಂತೆ, ಇಂತಿಷ್ಟು ಗಂಟೆ ಓಡಿದ ಮೇಲೆ ಬದಲಿಸಿದರೆ ಪ್ರಯೋಜನವಾಗಬಹುದಾದ ವಿಮಾನ ಭಾಗಗಳು ಶೇ 11ರಷ್ಟು ಮಾತ್ರ. ಉಳಿದವು ವಯಸ್ಸು ನೋಡಿ ಕೆಡುವುದಿಲ್ಲ. ಆದ್ದರಿಂದ ಕ್ಯಾಲೆಂಡರ್ ನೋಡುವ ಬದಲು ಯಂತ್ರವನ್ನೇ ನೋಡಬೇಕು.

ಬೇರಿಂಗ್ ಕೆಡುವಾಗ ಮೊದಲು ಬದಲಾಗುವುದು ಕಿವಿಗೆ ಕೇಳದ ಮೇಲಿನ ಆವರ್ತನದ ಕಂಪನ. ಮನುಷ್ಯರಿಗೆ ಕೇಳುವ ಸದ್ದೂ ಕೈಗೆ ತಾಗುವ ಬಿಸಿಯೂ ಬರುವುದು ತೀರ ಕೊನೆಗೆ. ಬರೀ ತಾಪಮಾನ ಅಳೆದು ಸುಮ್ಮನಾಗುವ ಅಗ್ಗದ ವ್ಯವಸ್ಥೆಗಳ ಬಗ್ಗೆ ನನಗೆ ಸಮಾಧಾನವಿಲ್ಲದಿರುವುದು ಇದಕ್ಕೇ. ಆದರೆ ಕಂಪನದ ಮಾಹಿತಿ ವಿಪರೀತ. ಮೂರು ದಿಕ್ಕಿನಲ್ಲಿ ಸೆಕೆಂಡಿಗೆ 10,000 ಸಲ ಅಳೆದರೆ, ಒಂದೊಂದಕ್ಕೆ ಎರಡು ಬೈಟ್ ಹಿಡಿದರೂ ದಿನಕ್ಕೆ 5 ಜಿಬಿ ದಾಟುತ್ತದೆ. ಸಣ್ಣ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬದುಕಬೇಕಾದ ಸೆನ್ಸರ್ ಅಷ್ಟನ್ನು ಕಳಿಸಲಾರದು. ಆಗಾಗ ಎಚ್ಚೆತ್ತು, ಕೆಲವು ಕ್ಷಣ ಅಳೆದು, ತನ್ನೊಳಗೇ ಲೆಕ್ಕ ಮಾಡಿ, ಸಾರಾಂಶ ಕಳಿಸಿ ಮತ್ತೆ ಮಲಗುತ್ತದೆ.

ಸೆನ್ಸರಿನ ಮೌನವನ್ನು ಯಂತ್ರದ ಆರೋಗ್ಯವೆಂದು ತಪ್ಪು ತಿಳಿಯಬಾರದು. ಈ ಎಚ್ಚರ ಮೊದಲಿನಿಂದಲೂ ಇದೆ. ಕಾರ್ಖಾನೆಯ ಪ್ಯಾನೆಲ್‌ಗಳಲ್ಲಿ ಬಹಳ ಹಿಂದಿನಿಂದ ಬಳಸುವ ಸಿಗ್ನಲ್ 4ರಿಂದ 20 ಮಿಲಿಆಂಪಿಯರಿನದು. ಸೊನ್ನೆಯಿಂದ ಶುರುವಾಗುವುದಿಲ್ಲ ಏಕೆಂದರೆ ಸೊನ್ನೆ ಬಂದರೆ ವೈರ್ ಕತ್ತರಿಸಿದೆ ಎಂದು ತಿಳಿಯಬೇಕು. ಇಂದಿನ ಸೆನ್ಸರುಗಳು ಹೆಚ್ಚಾಗಿ ಬಳಸುವ ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯಲ್ಲೂ ಇದೇ ಕಾಳಜಿ ಕಾಣುತ್ತದೆ. ಐಬಿಎಂನ ಆಂಡಿ ಸ್ಟ್ಯಾನ್‌ಫೋರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ಅದನ್ನು ರೂಪಿಸಿದ್ದು, ನಿರ್ಜನ ಪ್ರದೇಶದ ತೈಲ ಪೈಪ್‌ಲೈನ್‌ಗಳನ್ನು ದುಬಾರಿ ಉಪಗ್ರಹ ಸಂಪರ್ಕದ ಮೂಲಕ ಗಮನಿಸಲಿಕ್ಕೆ. ಉಪಕರಣವೊಂದು ಸಂಪರ್ಕ ಕಳೆದುಕೊಂಡರೆ ಅದರ ಪರವಾಗಿ ಸರ್ವರೇ ಎಲ್ಲರಿಗೂ ಸುದ್ದಿ ಮುಟ್ಟಿಸುವ ಏರ್ಪಾಡು ಅದರಲ್ಲಿದೆ. ಬಂದ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ವೈರಸ್, ಇರಾನಿನ ನತಾಂಜ್‌ನಲ್ಲಿ ಯಂತ್ರಗಳನ್ನು ಕೆಡಿಸುವಾಗ ಹಳೆಯ ಸಹಜ ಅಂಕಿಗಳನ್ನೇ ನಿಯಂತ್ರಕರಿಗೆ ತೋರಿಸುತ್ತಿತ್ತು.

ಇದಕ್ಕಿಂತ ದೊಡ್ಡ ಪಾಠ ರಷ್ಯಾದ್ದು. ಯೆನಿಸೈ ನದಿಯ ಸಯಾನೊ-ಶುಶೆನ್‌ಸ್ಕಾಯಾ ಜಲವಿದ್ಯುತ್ ಸ್ಥಾವರದಲ್ಲಿ 2009ರ ಆಗಸ್ಟ್ 17ರಂದು 640 ಮೆಗಾವಾಟ್ ಸಾಮರ್ಥ್ಯದ ಎರಡನೇ ಘಟಕ ತಳದಿಂದ ಕಿತ್ತು ಮೇಲೆದ್ದಿತು. 75 ಜನ ಸತ್ತರು. ಮುಚ್ಚಳ ಬಿಗಿದಿದ್ದ ಬೋಲ್ಟ್‌ಗಳಲ್ಲಿ ಪರೀಕ್ಷಿಸಿದ 49ರ ಪೈಕಿ 41ರಲ್ಲಿ ಲೋಹ ದಣಿದು ಬಿಟ್ಟ ಬಿರುಕುಗಳಿದ್ದವು. ಆ ಘಟಕ ಮಿತಿ ಮೀರಿ ನಡುಗುತ್ತಿದ್ದುದು ಅಂಕಿಗಳಲ್ಲಿ ದಾಖಲಾಗಿತ್ತು. ಆದರೂ ಅದನ್ನು ನಿಲ್ಲಿಸಿರಲಿಲ್ಲ.

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಸೋಲು-ಗೆಲುವು ನಿಂತಿರುವುದು ಇಲ್ಲೇ. ಅಲಾರಂ ಬಂದಾಗ ಯಂತ್ರ ನಿಲ್ಲಿಸುವ ಅಧಿಕಾರ ಶಿಫ್ಟಿನಲ್ಲಿರುವ ಯಾರಿಗಿದೆ ಎಂಬುದು ಸೆನ್ಸರ್ ಕೊಳ್ಳುವ ಮೊದಲೇ ತೀರ್ಮಾನವಾಗಬೇಕು. ಮಿತಿಗಳನ್ನು ಬೇಕಾಬಿಟ್ಟಿ ಇಟ್ಟರೆ ದಿನವೂ ಹತ್ತಾರು ಸುಳ್ಳು ಅಲಾರಂ ಬಂದು, ನಿಜವಾದದ್ದು ಬಂದ ದಿನ ಯಾರೂ ತಿರುಗಿ ನೋಡುವುದಿಲ್ಲ. ಸೆನ್ಸರನ್ನು ಕೂರಿಸುವ ಜಾಗವೂ ಮುಖ್ಯ: ಪೇಂಟ್ ಕೆರೆದ ಬೇರಿಂಗ್ ಮನೆಯ ಮೇಲೆ ಗಟ್ಟಿಯಾಗಿ ಕೂರಬೇಕು. ಫ್ಯಾನಿನ ತಗಡಿನ ಮುಚ್ಚಳಕ್ಕೆ ಅಂಟಿಸಿದರೆ ತಗಡಿನ ಕುಣಿತವಷ್ಟೇ ಸಿಗುತ್ತದೆ. ಎಲ್ಲಿ ಅಂಟಿಸಬೇಕು, ಯಾವ ಮೋಟಾರಿಗೆ ಮೊದಲಿನಿಂದಲೂ ಸ್ವಲ್ಪ ನಡುಕವಿದೆ ಎಂಬುದು ಸಾಫ್ಟ್‌ವೇರ್ ಮಾರುವವರಿಗಿಂತ ಆ ಸ್ಕ್ರೂ ಡ್ರೈವರ್ ಹಿಡಿದವರಿಗೆ ಚೆನ್ನಾಗಿ ಗೊತ್ತು. ಅವರನ್ನು ಬಿಟ್ಟು ಈ ವಿದ್ಯೆ ನಿಲ್ಲಲಾರದು.

ಕಲಿಯಲು ದೂರ ಹೋಗಬೇಕಿಲ್ಲ. ಕೇಂದ್ರದ ಭಾರಿ ಕೈಗಾರಿಕೆ ಸಚಿವಾಲಯದ ಸಮರ್ಥ್ ಉದ್ಯೋಗ್ ಭಾರತ್ 4.0 ಯೋಜನೆಯ ಕೇಂದ್ರಗಳಲ್ಲಿ ಎರಡು ಬೆಂಗಳೂರಿನಲ್ಲೇ ಇವೆ: ಒಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ತುಮಕೂರು ರಸ್ತೆಯಲ್ಲಿರುವ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆಯಲ್ಲಿ, ಅಂದರೆ ಸಿಎಂಟಿಐಯಲ್ಲಿ. ಪೀಣ್ಯಕ್ಕೆ ಅದು ಹತ್ತಿರವೇ. ಸಣ್ಣ ಕಾರ್ಖಾನೆಯ ಮಾಲೀಕರು ನೂರು ಸೆನ್ಸರ್‌ಗಳ ಕೊಟೇಶನ್ ತರಿಸುವ ಮೊದಲು, ಯಾವ ಒಂದು ಯಂತ್ರ ನಿಂತರೆ ಇಡೀ ಶಿಫ್ಟ್ ನಿಲ್ಲುತ್ತದೋ ಅದರಿಂದಲೇ ಆರಂಭಿಸಲಿ. ಈ ಕೇಂದ್ರಗಳನ್ನು ನೋಡಲು ಹೊರಟಾಗ ತಮ್ಮ ಹಿರಿಯ ಫಿಟ್ಟರ್ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಲಿ.