ನಿಷೇಧ ದಾಟಿದ ವರದಿಗಾರ ಮಂತ್ರಿಯಾದಾಗ

1987ರ ಸೆಪ್ಟೆಂಬರ್. ತೈವಾನಿನಲ್ಲಿ 38 ವರ್ಷ ಜಾರಿಯಲ್ಲಿದ್ದ ಸೇನಾ ಕಾನೂನು ರದ್ದಾಗಿ ಎರಡು ತಿಂಗಳಾಗಿತ್ತು. ಪತ್ರಿಕೆಗಳ ಮೇಲಿನ ಹಿಡಿತ ಮಾತ್ರ ಸಡಿಲವಾಗಿರಲಿಲ್ಲ. ಇಡೀ ದ್ವೀಪಕ್ಕೆ 31 ಪತ್ರಿಕೆ, ಒಂದೊಂದಕ್ಕೆ 12 ಪುಟ, ಅದರಾಚೆ ಅನುಮತಿಯಿಲ್ಲ. ಚೀನಾಕ್ಕೆ ಹೋಗುವುದಂತೂ ನಿಷಿದ್ಧ. ಅಂಥ ಹೊತ್ತಿನಲ್ಲಿ 'ಇಂಡಿಪೆಂಡೆನ್ಸ್ ಈವ್ನಿಂಗ್ ಪೋಸ್ಟ್' ಎಂಬ ಸಂಜೆಪತ್ರಿಕೆಯ ಲೀ ಯುಂಗ್-ತೆ ಮತ್ತು ಷೂ ಲು ಜಪಾನಿಗೆಂದು ಹೊರಟು, ಟೋಕಿಯೊದಲ್ಲಿ ವೀಸಾ ಪಡೆದು ಬೀಜಿಂಗಿನಲ್ಲಿ ಇಳಿದರು. 1949ರ ನಂತರ ತೈವಾನಿನಿಂದ ಬಹಿರಂಗವಾಗಿ ಹೋಗಿ ಚೀನಾದ ವರದಿ ಬರೆದ ಮೊದಲಿಗರು ಇವರೇ.

ಪ್ರಯಾಣದ ದಾಖಲೆಯಲ್ಲಿ ಸುಳ್ಳು ಹೇಳಿದರೆಂದು ಸರ್ಕಾರ ಇಬ್ಬರ ಮೇಲೂ ಮೊಕದ್ದಮೆಗೆ ಮುಂದಾಯಿತು. ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ಅಷ್ಟರಲ್ಲಿ ಜನಸಾಮಾನ್ಯರಿಗೂ ಚೀನಾದಲ್ಲಿರುವ ಬಂಧುಗಳನ್ನು ಕಂಡುಬರಲು ದಾರಿ ತೆರೆದಿತ್ತು. ಇಬ್ಬರು ವರದಿಗಾರರಿಂದಲೇ ಅದಾಯಿತು ಎನ್ನಲಾಗದು. ಆದರೆ ಅಪ್ಪಣೆಗೆ ಕಾಯದೆ ಹೋದವರು ಅವರು, ಆ ಧೈರ್ಯ ಸಣ್ಣದಲ್ಲ.

ಲೀ ಮುಂದೆ ಸಾರ್ವಜನಿಕ ಟೆಲಿವಿಷನ್ ಸಂಸ್ಥೆಯ ಮುಖ್ಯಸ್ಥರಾದರು, ಕಾವ್‌ಶಿಯುಂಗ್ ನಗರದ ಉಪಮೇಯರ್ ಆದರು, ಹಾಕ್ಕಾ ಎಂಬ ಭಾಷಿಕ ಸಮುದಾಯದ ವ್ಯವಹಾರಗಳ ಸಚಿವರಾಗಿ ಎರಡು ಅವಧಿ ದುಡಿದರು. ಎರಡನೆಯ ಅವಧಿಯಲ್ಲಿ, 2017ರ ಮಾರ್ಚ್‌ನಲ್ಲಿ, ತೈಪೆಯ ಬಸ್ ನಿಲ್ದಾಣದ ಬಳಿ ಚಪ್ಪಲಿ ಮೆಟ್ಟಿ ಸಾದಾ ಉಡುಪಿನಲ್ಲಿದ್ದ ಅವರನ್ನು ಪೊಲೀಸರು ತಡೆದು ಗುರುತಿನ ಚೀಟಿ ಕೇಳಿದರು. ಲೀ ಕಾರಣ ಕೇಳಿದರು. ತೈಪೆ ಪೊಲೀಸ್ ರಾಜ್ಯವಾಯಿತೇ ಎಂದು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದರು. ಮಂತ್ರಿಗಿರಿಯ ದರ್ಪವೆಂದು ಹಲವರು ಬೈದರು. ನನಗೆ ಹಾಗನ್ನಿಸದು. ಕಾರಣವಿಲ್ಲದೆ ಚೀಟಿ ಕೇಳುವುದು ರೂಢಿಯಾದರೆ ಮೊದಲು ಕಷ್ಟಕ್ಕೆ ಬೀಳುವವರು ಬಡವರು, ಕೂಲಿಯವರು. ಅವರ ಪರವಾಗಿಯೂ ಆ ಪ್ರಶ್ನೆ ಯಾರಾದರೂ ಕೇಳಲೇಬೇಕಿತ್ತು.

ಲೀಯವರ ನಿಜವಾದ ಕೆಲಸ ಭಾಷೆಯದು. ಅವರು ಹುಟ್ಟಿದ್ದು 1955ರಲ್ಲಿ, ದಕ್ಷಿಣದ ಮೇನೊಂಗ್‌ನ ಹಾಕ್ಕಾ ಸೀಮೆಯಲ್ಲಿ. ಆ ತಲೆಮಾರಿನ ಮಕ್ಕಳು ಶಾಲೆಯಲ್ಲಿ ತಾಯ್ನುಡಿ ಆಡಿದರೆ ದಂಡ ತೆರಬೇಕಿತ್ತು, ಕೊರಳಿಗೆ ಫಲಕ ಹಾಕಿಸಿಕೊಂಡು ನಿಲ್ಲಬೇಕಿತ್ತು. 1988ರ ಡಿಸೆಂಬರ್‌ನಲ್ಲಿ ಸಾವಿರಾರು ಹಾಕ್ಕಾ ಜನ ತಾಯ್ನುಡಿಯನ್ನು ಮರಳಿ ಕೊಡಿ ಎಂದು ತೈಪೆಯ ಬೀದಿಗಿಳಿದರು. ಲೀ ಸಚಿವರಾಗಿದ್ದಾಗ, 2017ರಲ್ಲಿ, ಹಾಕ್ಕಾ ನುಡಿಗೇ ಮೀಸಲಾದ ರೇಡಿಯೊ ಕೇಂದ್ರ ಶುರುವಾಯಿತು. ಮರುವರ್ಷದ ಆರಂಭದಲ್ಲಿ ತಿದ್ದುಪಡಿಯಾದ ಹಾಕ್ಕಾ ಮೂಲ ಕಾಯ್ದೆ ಆ ನುಡಿಯನ್ನು ರಾಷ್ಟ್ರೀಯ ಭಾಷೆಗಳಲ್ಲೊಂದೆಂದು ಘೋಷಿಸಿತು.

2020ರಿಂದ 2023ರ ಜನವರಿವರೆಗೆ ಅವರು ಸಂಸ್ಕೃತಿ ಸಚಿವರಾಗಿದ್ದರು. ಅದು ಹೆಚ್ಚು ದೊಡ್ಡ ಹುದ್ದೆ. ಆದರೂ ಅವರ ರಾಜಕೀಯ ಬದುಕಿನಲ್ಲಿ ಹೆಚ್ಚು ಕಾಲ ಉಳಿಯುವುದು ಹಾಕ್ಕಾ ನುಡಿಗಾಗಿ ಮಾಡಿದ ಕೆಲಸವೇ.