ಖಜಾನೆಯಿಂದ ಗರುಡನವರೆಗೆ

ಮೇಲುಕೋಟೆಯ ವೈರಮುಡಿ ಉತ್ಸವವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಫಾಲ್ಗುಣದ ಆ ಒಂದು ಇರುಳನ್ನೇ, ಶ್ರೀದೇವಿ ಭೂದೇವಿಯರೊಡನೆ ಗರುಡಾರೂಢನಾದ ಚೆಲುವನಾರಾಯಣನು ವಜ್ರಕಿರೀಟವನ್ನು ಧರಿಸಿ ಬೀದಿಗೆ ಬಿಜಯಂಗೈಯುವ ವೈಭವವನ್ನೇ ವರ್ಣಿಸಿ ತೃಪ್ತರಾಗುವರು. ಆದರೆ ಆ ಕಿರೀಟವು ಹಗಲಿನಲ್ಲಿ ಕ್ರಮಿಸುವ ದಾರಿಯೂ, ಅದು ಕೈಯಿಂದ ಕೈಗೆ ದಾಟುವ ಕ್ರಮವೂ ಅಷ್ಟೇ ಗೌರವಾರ್ಹವಾದುವೆಂದು ನಾನು ನಂಬಿದ್ದೇನೆ.

ಮುಡಿಯ ಮೂಲವನ್ನು ಪುರಾಣವು ಹೀಗೆ ಹೇಳುತ್ತದೆ: ಪ್ರಹ್ಲಾದನ ಮಗನಾದ ವಿರೋಚನನು ಕ್ಷೀರಸಾಗರಶಾಯಿಯ ಕಿರೀಟವನ್ನು ಅಪಹರಿಸಿದನು, ಗರುಡನು ಅದನ್ನು ಗೆದ್ದು ತಂದನು, ಅದು ಶ್ರೀಕೃಷ್ಣನ ಮೂಲಕ ಯದುಗಿರಿಯ, ಎಂದರೆ ಮೇಲುಕೋಟೆಯ, ಉತ್ಸವಮೂರ್ತಿಯಾದ ಚೆಲುವಪಿಳ್ಳೆಗೆ ಸಂದಿತು. ಇತಿಹಾಸಕ್ಕೆ ದಾನಿಯ ಹೆಸರು ತಿಳಿಯದು. ವೈರಮುಡಿಯ ಜೊತೆಯ ಎರಡು ಮುಡಿಗಳ ದಾತೃಗಳನ್ನಾದರೋ ನಾವು ಬಲ್ಲೆವು. ರಾಜಮುಡಿಯು 1578ರಿಂದ 1617ರವರೆಗೆ ಆಳಿದ ರಾಜ ಒಡೆಯರದು; ಕೃಷ್ಣರಾಜಮುಡಿಯು ಮುಮ್ಮಡಿ ಕೃಷ್ಣರಾಜ ಒಡೆಯರದು. ದೇವಾಲಯದ ನವರಂಗದ ಕಂಬವೊಂದರಲ್ಲಿ ರಾಜ ಒಡೆಯರ ಉಬ್ಬುಶಿಲ್ಪವಿದೆ. ಸುಮಾರು ಒಂದು ಮೊಳದಷ್ಟೇ ಎತ್ತರವಿರುವ ಆ ಮೂರ್ತಿಯು ಕೈಮುಗಿದು ನಿಂತಿದೆ. ಪೀಠದಲ್ಲಿ ಹೆಸರು ಕೆತ್ತಿದೆ. ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ದೊರೆಯು ಇಲ್ಲಿ ಕಂಬಕ್ಕೆ ಒರಗಿದ ಒಬ್ಬ ಭಕ್ತನಾಗಿ ಮಾತ್ರ ಉಳಿಯಲಿಚ್ಛಿಸಿದನೆಂಬುದನ್ನು ಕಾಣುವಾಗ ಮನಸ್ಸು ಆರ್ದ್ರವಾಗದೆ ಇರದು.

ಅರಸರ ಕಾಲದಲ್ಲಿ ಮೈಸೂರಿನ ಸರ್ಕಾರಿ ಖಜಾನೆಯಲ್ಲಿದ್ದ ವೈರಮುಡಿ, ರಾಜಮುಡಿಗಳು ಈಗ, 1939ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮಂಡ್ಯದ ಖಜಾನೆಯ ರಕ್ಷಣೆಯಲ್ಲಿವೆ. ಉತ್ಸವದ ದಿನ ಬೆಳಗ್ಗೆ ಅಧಿಕಾರಿಗಳ ಸಮಕ್ಷಮದಲ್ಲಿ ಪೆಟ್ಟಿಗೆಗಳು ಹೊರಬರುತ್ತವೆ. ಪೂಜೆಯಾದ ಮೇಲೆ, ಪೊಲೀಸರ ಕಾವಲಿನಲ್ಲಿ, ಅಲಂಕೃತವಾದ ವಾಹನದಲ್ಲಿ ಪ್ರಯಾಣ ಹೊರಡುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿಗಳ ಮಾರ್ಗದಲ್ಲಿ ಊರೂರಿನ ಜನರು ನೀರು ಚಿಮುಕಿಸಿ ರಂಗೋಲಿಯಿಟ್ಟು, ತೋರಣ ಕಟ್ಟಿ, ಹಣ್ಣುಕಾಯಿಯ ತಟ್ಟೆ ಹಿಡಿದು ಕಾದಿರುತ್ತಾರೆ. ಅವರಿಗೆ ಕಾಣುವುದು ಮುಚ್ಚಿದ ಪೆಟ್ಟಿಗೆಯಷ್ಟೆ. ಏಕೆಂದರೆ ವೈರಮುಡಿಗೆ ಸೂರ್ಯನ ಬೆಳಕು ಸೋಕಕೂಡದೆಂಬುದು ಸಂಪ್ರದಾಯ. ಕಾಣದಿರುವುದಕ್ಕೆ ಆರತಿಯೆತ್ತುವ ಆ ಶ್ರದ್ಧೆಗಿಂತ ದೊಡ್ಡ ಶ್ರದ್ಧೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಬೆಟ್ಟವನ್ನೇರಿದ ಬಳಿಕ ಪಾರ್ಕಾವಣೆ. ಜಿಲ್ಲಾಧಿಕಾರಿಗಳ ಮುಂದೆ, ಸ್ಥಾನೀಕರೂ ಅರ್ಚಕರೂ ನೆರೆದಿರುವಂತೆ, ತಿರುವಾಭರಣಗಳನ್ನು ಒಂದೊಂದಾಗಿ ಪಟ್ಟಿಯೊಡನೆ ತಾಳೆನೋಡಿ ದೇವಾಲಯಕ್ಕೆ ಒಪ್ಪಿಸುವ ಈ ವಿಧಿಯನ್ನು ಕೇವಲ ಕಚೇರಿಯ ವ್ಯವಹಾರವೆಂದು ತಿಳಿಯುವುದು ಸಲ್ಲದು. ಒಂದು ಹರಳೂ ಕಳೆಯದಂತೆ ಎಣಿಸಿ ಪಡೆದು, ಎಣಿಸಿ ಹಿಂದಿರುಗಿಸುವ ನಿಷ್ಠೆಯು ಮಂತ್ರೋಚ್ಚಾರಣೆಯಷ್ಟೇ ಪವಿತ್ರವಾದ ಪೂಜಾಂಗ. ಅರಸೊತ್ತಿಗೆಯು ಹೋಗಿ ಪ್ರಜಾಪ್ರಭುತ್ವವು ಬಂದರೂ ಆ ಪಟ್ಟಿಯ ಕರ್ತವ್ಯವು ತಪ್ಪದೆ ನಡೆದುಬಂದಿರುವುದು ನಮ್ಮ ನಾಡಿನ ಪುಣ್ಯ.

ಇರುಳಾದೊಡನೆ ರಾಮಾನುಜಾಚಾರ್ಯರ ಸನ್ನಿಧಿಯಲ್ಲಿ ದೇವರಿಗೆ ಮುಡಿಯನ್ನು ತೊಡಿಸುತ್ತಾರೆ. ತೊಡಿಸುವ ಅರ್ಚಕರು ಕಣ್ಣಿಗೆ ವಸ್ತ್ರ ಕಟ್ಟಿಕೊಳ್ಳುವುದು ರೂಢಿ. ಮೆರವಣಿಗೆ ನಡುರಾತ್ರಿಯನ್ನು ದಾಟಿ ಸಾಗುತ್ತದೆ. ಸೂರ್ಯೋದಯಕ್ಕೆ ಮುನ್ನವೇ ವೈರಮುಡಿಯು ಪೆಟ್ಟಿಗೆ ಸೇರಿ, ಅದರ ಸ್ಥಾನದಲ್ಲಿ ರಾಜಮುಡಿಯು ಬರುತ್ತದೆ.

ಮುಂದಿನ ಫಾಲ್ಗುಣದಲ್ಲಿ ಯದುಗಿರಿಗೆ ಹೋಗಬಯಸುವ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ರಾತ್ರಿಯ ನೂಕುನುಗ್ಗಲಿಗೆ ಮಾತ್ರ ಹೋಗದೆ, ಬೆಳಗ್ಗೆಯೇ ಹೊರಟು ದಾರಿಯ ಯಾವುದಾದರೊಂದು ಹಳ್ಳಿಯಲ್ಲಿ ಆ ಜನರೊಡನೆ ನಿಂತು ಪೆಟ್ಟಿಗೆಗೆ ಕೈಮುಗಿಯಿರಿ.