ಗುಜರಿ ಕಾರಿನ ಎಂಜಿನ್, ಮನೆಯಲ್ಲೇ ಕಟ್ಟಿದ ವಿಮಾನ: ಅಪಾಯ ಯಾರದು, ಲೆಕ್ಕ ಯಾರದು?

ಅಮೆರಿಕದಲ್ಲಿ ನಿಮ್ಮ ಮನೆಯ ಗ್ಯಾರೇಜಿನಲ್ಲಿ ನೀವೇ ಒಂದು ವಿಮಾನ ಕಟ್ಟಬಹುದು. ಅದಕ್ಕೆ ಯಾವ ಎಂಜಿನ್ ಹಾಕಬೇಕು ಅನ್ನೋದನ್ನೂ ನೀವೇ ತೀರ್ಮಾನ ಮಾಡಬಹುದು. ಹೀಗೆ ಕಟ್ಟುವವರಲ್ಲಿ ಒಂದು ಸಣ್ಣ ಗುಂಪು ದಶಕಗಳಿಂದ ಒಂದು ವಿಚಿತ್ರ ಕೆಲಸ ಮಾಡ್ತಾ ಬಂದಿದೆ. ಗುಜರಿಗೆ ಬಿದ್ದ ಮಜ್ದಾ ಆರ್‌ಎಕ್ಸ್-7 ಕಾರಿನ ಎಂಜಿನ್ ತಂದು, ಪೂರ್ತಿ ಬಿಚ್ಚಿ, ಸೀಲುಗಳನ್ನು ಬದಲಿಸಿ, ವಿಮಾನದ ಮೂತಿಗೆ ಕೂರಿಸಿ ಹಾರೋದು.

ಮೊದಲ ಸಲ ಓದಿದಾಗ ನನಗೂ ಇದು ಹುಚ್ಚು ಅನ್ನಿಸಿತ್ತು. ಆದರೆ ಒಳಗೆ ಇಳಿದಂತೆ ಇದು ಬರೀ ಹವ್ಯಾಸದ ಕತೆಯಾಗಿ ಉಳಿಯಲ್ಲ. ಅಪಾಯವನ್ನು ಯಾರು ಹೊರಬೇಕು, ಅದನ್ನು ಯಾರು ನಿರ್ಧರಿಸಬೇಕು ಅನ್ನೋ ಪ್ರಶ್ನೆ ಇದರೊಳಗಿದೆ.

ಪಿಸ್ಟನ್ ಇಲ್ಲದ ಎಂಜಿನ್

ಎಂಜಿನಿಯರಿಂಗ್ ಓದುವಾಗ ನಮಗೆ ವಾಂಕೆಲ್ ಎಂಜಿನ್ ಅಂದ್ರೆ ಎರಡು ಮಾರ್ಕಿನ ಪ್ರಶ್ನೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ ಇದರ ಮೊದಲ ಮಾದರಿ ಎನ್‌ಎಸ್‌ಯು ಕಂಪನಿಯಲ್ಲಿ ಓಡಿದ್ದು 1957ರಲ್ಲಿ. ಇದನ್ನು ಕೊನೆತನಕ ನಂಬಿದ್ದು ಮಾತ್ರ ಜಪಾನಿನ ಮಜ್ದಾ. 1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದದ್ದೂ ಇದೇ ಬಗೆಯ ಎಂಜಿನ್ನಿನಲ್ಲೇ.

ಒಳಗಿರೋದು ಉಬ್ಬಿದ ಬದಿಗಳ ತ್ರಿಕೋನದಂಥ ರೋಟರ್. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಶಾಫ್ಟ್ ಮೂರು ಸುತ್ತು ತಿರುಗಿದರೆ ರೋಟರ್ ತಿರುಗೋದು ಒಂದೇ ಸುತ್ತು. ಅಂದ್ರೆ ಮೀಟರ್ ನಿಮಿಷಕ್ಕೆ 6000 ಸುತ್ತು ತೋರಿಸುವಾಗ ರೋಟರಿನ ವೇಗ 2000 ಮಾತ್ರ. ಹೆಚ್ಚಿನವರು ಬಳಸುವ 13ಬಿ ಎಂಜಿನ್ನಿನಲ್ಲಿ ಇಂಥ ಎರಡು ರೋಟರ್ ಇವೆ, ಒಟ್ಟು 1308 ಸಿಸಿ.

ಕಾರಿನಲ್ಲಿ ಇದು ಸೋತಿದ್ದು ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಹೊಗೆಯ ನಿಯಮಗಳಿಗೆ ಸುಲಭಕ್ಕೆ ಒಗ್ಗಲ್ಲ ಅಂತ. ಆದರೆ ವಿಮಾನದ ಎಂಜಿನ್ ಸಿಗ್ನಲ್ಲಿನಲ್ಲಿ ನಿಂತು ಹೊರಡೋದಿಲ್ಲ. ಗಂಟೆಗಟ್ಟಲೆ ಒಂದೇ ವೇಗದಲ್ಲಿ, ಭಾರ ಹೊತ್ತು ಓಡಬೇಕು. ರೋಟರಿಗೆ ಅದು ಒಗ್ಗುತ್ತೆ. ಇನ್ನೊಂದು ವಿಷಯ: ಪಿಸ್ಟನ್ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್ ಮುರಿದರೆ ಸಾಮಾನ್ಯವಾಗಿ ಅಲ್ಲಿಗೆ ಕತೆ ಮುಗಿಯಿತು. ರೋಟರಿಯಲ್ಲಿ ತುದಿಯ ಸೀಲ್ ಹೋದರೆ ಶಕ್ತಿ ಕುಸಿಯುತ್ತೆ, ಆದರೆ ಹಲವು ಸಲ ಎಂಜಿನ್ ಹೇಗೋ ತಿರುಗ್ತಾ ಇರುತ್ತೆ. ಆಕಾಶದಲ್ಲಿ ಆ 'ಹೇಗೋ' ಅನ್ನೋದಕ್ಕೆ ಬೆಲೆ ಜಾಸ್ತಿ.

ಅಗ್ಗ, ಆದರೆ ಎಷ್ಟು ಅಗ್ಗ?

ಸಣ್ಣ ವಿಮಾನಗಳ ಮಾರುಕಟ್ಟೆಯಲ್ಲಿ ಬಹುಕಾಲದಿಂದ ಲೈಕಮಿಂಗ್ ಮತ್ತು ಕಾಂಟಿನೆಂಟಲ್ ಕಂಪನಿಗಳದ್ದೇ ಕಾರುಬಾರು. 180 ಅಶ್ವಶಕ್ತಿಯ ಲೈಕಮಿಂಗ್ ಒ-360 ಹುಟ್ಟಿದ್ದು 1950ರ ದಶಕದಲ್ಲಿ, ಇವತ್ತಿಗೂ ಮಾರಾಟದಲ್ಲಿದೆ. ಹೊಸದಕ್ಕೆ ಹತ್ತಾರು ಸಾವಿರ ಡಾಲರ್. ಪ್ರಮಾಣಪತ್ರ ಪಡೆಯುವ ಖರ್ಚು ಎಷ್ಟು ದುಬಾರಿ ಅಂದ್ರೆ, ಹೊಸ ವಿನ್ಯಾಸ ತರೋದಕ್ಕಿಂತ ಹಳೆಯದನ್ನೇ ಮಾರೋದು ಲಾಭ. ಗುಜರಿಯ 13ಬಿ ಮುಂದೆ ಬಂದಿದ್ದು ಇಲ್ಲಿ.

ಆದರೆ ಕಾರಿನ ಎಂಜಿನ್ ತಂದ್ರೆ ಕೆಲಸ ಶುರುವಾಯ್ತು ಅಷ್ಟೇ. ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 2700 ಸುತ್ತು ದಾಟಬಾರದು. ದಾಟಿದರೆ ಅದರ ತುದಿ ಶಬ್ದದ ವೇಗಕ್ಕೆ ಹತ್ತಿರ ಬಂದು ದಕ್ಷತೆ ಬೀಳುತ್ತೆ. ಹಾಗಾಗಿ ವೇಗ ಇಳಿಸಲು ನಡುವೆ ಗೇರ್‌ಬಾಕ್ಸ್ ಬೇಕು. ರೋಟರಿಯಲ್ಲಿ ಎಣ್ಣೆಗೆ ಸೇರುವ ಶಾಖವೂ ಬಹಳ. ನೀರಿನ ರೇಡಿಯೇಟರ್ ಜೊತೆಗೆ ದೊಡ್ಡ ಆಯಿಲ್ ಕೂಲರ್ ಬೇಕು, ಎರಡಕ್ಕೂ ಗಾಳಿ ಹಾಯುವ ದಾರಿ ಬೇಕು. ಹೊರಬರುವ ಹೊಗೆ ಎಷ್ಟು ಬಿಸಿ ಅಂದ್ರೆ ಸಾದಾ ಸೈಲೆನ್ಸರ್ ಸುಟ್ಟು ಹೋಗುತ್ತೆ. ಇಂಧನ ಪಂಪಿಗೂ ಸ್ಪಾರ್ಕ್ ಪ್ಲಗ್ಗಿಗೂ ಕರೆಂಟ್ ಬೇಕು. ಬ್ಯಾಟರಿಯ ಒಂದು ವೈರ್ ಕಳಚಿದರೂ ಎಂಜಿನ್ ನಿಂತುಬಿಡಬಹುದು.

ಇಡೀ ವಿಷಯದ ತಿರುಳು ಇದೇ. ಎಂಜಿನ್ ಗಟ್ಟಿಯಾಗಿರಬಹುದು, ಆದರೆ ಹೋಸ್, ಕ್ಲಾಂಪ್, ವೈರಿಂಗ್, ಗೇರ್‌ಬಾಕ್ಸ್ ಎಲ್ಲಾ ಒಬ್ಬನೇ ವ್ಯಕ್ತಿ ವಾರಾಂತ್ಯಗಳಲ್ಲಿ ಮಾಡಿದ್ದು. ಸಾವಿರಾರು ವಿಮಾನಗಳಲ್ಲಿ ಓಡಿ ಪರೀಕ್ಷೆಯಾದ ವ್ಯವಸ್ಥೆ ಅದಲ್ಲ. ಉಳಿಸಿದ ಡಾಲರುಗಳನ್ನು ಅವನು ವರ್ಷಗಳಲ್ಲಿ ತೀರಿಸ್ತಾನೆ.

ಕಾನೂನು ಏನು ಹೇಳುತ್ತೆ?

ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ನಿಯಮ ಸರಳ. ಕಟ್ಟುವ ಕೆಲಸದ ದೊಡ್ಡ ಪಾಲನ್ನು ಹವ್ಯಾಸಿಗಳೇ ಮಾಡಿರಬೇಕು. ಕಲಿಕೆ ಅಥವಾ ಸಂತೋಷಕ್ಕಾಗಿಯೇ ಕಟ್ಟಿರಬೇಕು. ಪ್ರಮಾಣಿತ ಎಂಜಿನ್, ಪ್ರೊಪೆಲ್ಲರ್ ಇದ್ದರೆ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದರೆ 40 ಗಂಟೆ ನಿಗದಿತ ಪ್ರದೇಶದಲ್ಲಿ ಪರೀಕ್ಷಾ ಹಾರಾಟ. ಒಳಗೆ 'ಎಕ್ಸ್‌ಪೆರಿಮೆಂಟಲ್' ಅನ್ನೋ ಫಲಕ, ಜೊತೆಗೆ ಇದು ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮ ಪಾಲಿಸಲ್ಲ ಅಂತ ಪ್ರಯಾಣಿಕರಿಗೆ ಎಚ್ಚರಿಕೆ. ದುಡ್ಡು ತಗೊಂಡು ಯಾರನ್ನೂ ಹತ್ತಿಸುವಂತಿಲ್ಲ.

ಇದರ ಬೆಲೆಯೂ ಕಣ್ಣಿಗೆ ಕಾಣುತ್ತೆ. ಅಲ್ಲಿನ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಕೊಟ್ಟ ವರದಿ ಪ್ರಕಾರ, ಖಾಸಗಿ ಮತ್ತು ಸಣ್ಣ ವಿಮಾನಗಳಲ್ಲಿ ಮನೆಯಲ್ಲಿ ಕಟ್ಟಿದವು ಸುಮಾರು ಶೇ. 10. ಆದರೆ 2011ರ ಪ್ರಾಣಾಂತಿಕ ಅಪಘಾತಗಳಲ್ಲಿ ಅವುಗಳ ಪಾಲು ಶೇ. 21. ಎಂಜಿನ್ ವ್ಯವಸ್ಥೆ ಕೈಕೊಡೋದು ಮತ್ತು ಹಾರಾಟದಲ್ಲಿ ನಿಯಂತ್ರಣ ತಪ್ಪೋದು, ಇವೆರಡೇ ಮುಖ್ಯ ಕಾರಣ.

ಹಾಗಾದ್ರೆ ನಿಷೇಧಿಸಬೇಕಾ? ಬೇಡ ಅನ್ನೋದು ನನ್ನ ಅಭಿಪ್ರಾಯ. ಯಾಕಂದ್ರೆ ಪ್ರಮಾಣಪತ್ರ ಇರುವ ಎಂಜಿನ್ನುಗಳ ಲೆಕ್ಕದಲ್ಲೂ ಒಂದು ತೂತಿದೆ. ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಸಣ್ಣ ವಿಮಾನಗಳಿಗೆ ಹೆಚ್ಚಾಗಿ ಸಿಗುವ ಪೆಟ್ರೋಲಿನಲ್ಲಿ ಈಗಲೂ ಸೀಸ ಇದೆ. ಕಾರಿನ ಪೆಟ್ರೋಲಿನಿಂದ ಅಮೆರಿಕ ಅದನ್ನು 1996ರಲ್ಲೇ ತೆಗೆದು ಹಾಕಿತ್ತು. ಕ್ಯಾಲಿಫೋರ್ನಿಯಾದ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದ ಸುತ್ತ ಲ್ಯಾಟಿನೋ ಕುಟುಂಬಗಳೇ ಹೆಚ್ಚು. ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರೋದನ್ನು 2021ರ ಅಧ್ಯಯನ ತೋರಿಸಿತು. 2022ರ ಜನವರಿಯಿಂದ ಅಲ್ಲಿ ಸೀಸದ ಇಂಧನದ ಮಾರಾಟ ನಿಂತಿತು. ರೋಟರಿಗೆ ಸೀಸ ಬೇಕಾಗೇ ಇಲ್ಲ, ಬಂಕಿನ ಪೆಟ್ರೋಲಿನಲ್ಲೇ ಓಡುತ್ತೆ.

ಗ್ಯಾರೇಜಿನವನು ತನ್ನ ಅಪಾಯ ತಿಳಿದು ಹತ್ತಿದ, ಎದುರಿಗೆ ಫಲಕವೂ ಇತ್ತು. ಆ ಮಕ್ಕಳ ಎದುರಿಗೆ ಯಾವ ಫಲಕವೂ ಇರಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ.

ಈ ಎಂಜಿನ್ ನಮಗೂ ದೂರದ್ದಲ್ಲ. ಬೆಂಗಳೂರಿನ ಎನ್‌ಎಎಲ್ ಮತ್ತು ಡಿಆರ್‌ಡಿಒ ಪ್ರಯೋಗಾಲಯಗಳು ಸೇರಿ ತಯಾರಿಸಿದ ವಾಂಕೆಲ್ ಎಂಜಿನ್ 2009ರಲ್ಲಿ ಕೋಲಾರದಲ್ಲಿ 'ನಿಶಾಂತ್' ಡ್ರೋನನ್ನು ಹಾರಿಸಿತ್ತು. ತೂಕ ಸುಮಾರು 30 ಕೆಜಿ, ಶಕ್ತಿ 55 ಅಶ್ವಶಕ್ತಿ. ಅಲ್ಲಿ ಗ್ಯಾರೇಜಿನ ಕೆಲಸ, ಇಲ್ಲಿ ಸರ್ಕಾರಿ ಲ್ಯಾಬಿನ ಕೆಲಸ.

'ಸುರಕ್ಷಿತ' ಅನ್ನೋ ಮುದ್ರೆ ಕಂಡಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾರಿಗೆ ಸುರಕ್ಷಿತ? ಲೆಕ್ಕ ಹಾಕುವಾಗ ಯಾರನ್ನು ಹೊರಗಿಟ್ಟಿದ್ದಾರೆ?